ಹೈಬ್ರಿಡ್ ವಾಹನದಲ್ಲಿ ಪೆಟ್ರೋಲ್ ಉಳಿಸುವ ಚಾಲನೆ: ಮೈಸೂರು–ಮಂಡ್ಯ ರಸ್ತೆಗಳಿಗೆ ಒಂದು ಮಾರ್ಗದರ್ಶಿ

ಹೈಬ್ರಿಡ್ ಕಾರು ಕೊಂಡ ಬಹುತೇಕರು ಒಂದೆರಡು ತಿಂಗಳೊಳಗೆ ಕೇಳುವ ಪ್ರಶ್ನೆ ಒಂದೇ: ಶೋರೂಮಿನಲ್ಲಿ ಲೀಟರಿಗೆ ಹತ್ತಿರ ಹತ್ತಿರ ಇಪ್ಪತ್ತೆಂಟು ಕಿಲೋಮೀಟರ್ ಎಂದಿದ್ದರಲ್ಲ, ನಮಗೇಕೆ ಅಷ್ಟು ಬರುತ್ತಿಲ್ಲ? ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಕಾರುಗಳ ಹೈಬ್ರಿಡ್ ಮಾದರಿಗಳಿಗೆ ಘೋಷಿತವಾದ ಅಂಕಿ 27.97. ಹೋಂಡಾ ಸಿಟಿ ಹೈಬ್ರಿಡ್ 2022ರಲ್ಲಿ ಬಿಡುಗಡೆಯಾದಾಗ ಹೇಳಿದ್ದು 26.5. ಇವು ಪ್ರಯೋಗಶಾಲೆಯ ರೋಲರ್‌ಗಳ ಮೇಲೆ, ನಿಗದಿತ ವೇಗಕ್ರಮದಲ್ಲಿ ಓಡಿಸಿ ಪಡೆದ ಅಂಕಿಗಳು. ಆ ಕ್ರಮದಲ್ಲಿ ವೇಗ ಗಂಟೆಗೆ 90 ಕಿಲೋಮೀಟರ್ ದಾಟುವುದಿಲ್ಲ, ಎ.ಸಿ. ಚಾಲೂ ಇರುವುದಿಲ್ಲ, ಎದುರುಗಾಳಿಯಾಗಲಿ ಹಂಪ್ಸ್ ಆಗಲಿ ಇರುವುದಿಲ್ಲ. ಆದ್ದರಿಂದ ಘೋಷಿತ ಅಂಕಿಗೂ ನಮ್ಮ ರಸ್ತೆಯ ಅಂಕಿಗೂ ಅಂತರ ಇದ್ದೇ ಇರುತ್ತದೆ. ಆದರೆ ಅದೇ ಕಾರು, ಅದೇ ದಾರಿ, ಅದೇ ಹೊರೆ ಇದ್ದರೂ ಇಬ್ಬರು ಚಾಲಕರ ಕೈಯಲ್ಲಿ ಮೈಲೇಜ್ ಬೇರೆ ಬೇರೆ ಬರುವುದುಂಟು, ಮತ್ತು ಆ ವ್ಯತ್ಯಾಸಕ್ಕೆ ಕಾರಣ ಚಾಲಕರ ಬಲಗಾಲು.

ಈ ಲೇಖನ ಬರೆದಿರುವುದು ಪೂರ್ಣ ಪ್ರಮಾಣದ ಹೈಬ್ರಿಡ್, ಅಂದರೆ ಎಂಜಿನ್ ನಿಂತಿರುವಾಗಲೂ ಬರೀ ಮೋಟಾರಿನಿಂದ ಒಂದಷ್ಟು ದೂರ ಚಲಿಸಬಲ್ಲ ವಾಹನಗಳನ್ನು ಕುರಿತು. ಹಿಂಬದಿಯಲ್ಲಿ 'ಸ್ಮಾರ್ಟ್ ಹೈಬ್ರಿಡ್' ಎಂಬ ಹೆಸರು ಹೊತ್ತ ಅನೇಕ ಕಾರುಗಳಲ್ಲಿ ಇರುವುದು ಎಂಜಿನ್ನಿಗೆ ಸ್ವಲ್ಪ ಕೈಜೋಡಿಸುವ ಚಿಕ್ಕ ಮೋಟಾರ್ ಮಾತ್ರ. ಅದೊಂದರಿಂದಲೇ ಕಾರನ್ನು ಎಳೆಯಲಾಗದು. ಅಂಥ ಕಾರಿನವರಿಗೆ ಮುಂದೆ ಬರುವ ಬ್ರೇಕು, ವೇಗ, ಟೈರು, ಎ.ಸಿ.ಗಳ ವಿಚಾರ ಉಪಯೋಗಕ್ಕೆ ಬರುತ್ತದೆ, ಬ್ಯಾಟರಿಯ ವಿಚಾರ ಅಷ್ಟಾಗಿ ಬರುವುದಿಲ್ಲ. ಪಿಕಪ್ ವಾಹನಗಳನ್ನು ಇಟ್ಟುಕೊಂಡವರಿಗೂ ಒಂದು ಮಾತು. ನಮ್ಮ ಮಾರುಕಟ್ಟೆಗಳಿಗೆ ತರಕಾರಿ, ಎಳನೀರು ಹೊತ್ತು ಬರುವ ಪಿಕಪ್‌ಗಳಲ್ಲಿ ಹೆಚ್ಚಿನವು ಡೀಸೆಲ್‌ನವು; ಆದರೆ ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಮಾವೆರಿಕ್ ಎಂಬ ಹೈಬ್ರಿಡ್ ಪಿಕಪ್ ಇದೆ. ಅದರ ಮೊದಲ ಮಾದರಿಗೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಕೊಟ್ಟ ಅಂಕಿಗಳನ್ನು ನಮ್ಮ ಲೆಕ್ಕಕ್ಕೆ ತಂದುಕೊಂಡರೆ ನಗರದಲ್ಲಿ ಲೀಟರಿಗೆ ಸುಮಾರು 18 ಕಿಲೋಮೀಟರ್, ಹೆದ್ದಾರಿಯಲ್ಲಿ ಸುಮಾರು 14. ಸಾಮಾನ್ಯ ವಾಹನಗಳಲ್ಲಿ ಹೆದ್ದಾರಿಯ ಮೈಲೇಜ್ ಹೆಚ್ಚು, ಊರೊಳಗಿನದು ಕಡಿಮೆ. ಇಲ್ಲಿ ಅದು ತಲೆಕೆಳಗಾಗಿದೆ. ಈ ಒಂದು ಸಂಗತಿ ಏಕೆ ಹೀಗೆ ಎಂಬುದು ಅರ್ಥವಾದರೆ ಮುಂದಿನ ಹೆಜ್ಜೆಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಮೊದಲು ತಿಳಿಯಬೇಕಾದದ್ದು: ಬ್ಯಾಟರಿಯ ವಿದ್ಯುತ್ತು ಪುಕ್ಕಟೆಯಲ್ಲ

ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ ಹಿಡಿಯುವುದು ಸುಮಾರು ಮುಕ್ಕಾಲು ಯೂನಿಟ್ ವಿದ್ಯುತ್ತು. ಮನೆಯ ಮೀಟರಿನಲ್ಲಿ ಒಂದು ಯೂನಿಟ್ ಎನ್ನುತ್ತೇವಲ್ಲ, ಅದಕ್ಕಿಂತಲೂ ಕಡಿಮೆ. ಪೂರ್ಣ ವಿದ್ಯುತ್ ಕಾರುಗಳ ಬ್ಯಾಟರಿ ಮೂವತ್ತು, ನಲವತ್ತು ಯೂನಿಟ್‌ಗಳಷ್ಟು ಇರುತ್ತದೆ. ಅವುಗಳನ್ನು ಮನೆಯ ಪ್ಲಗ್ಗಿನಿಂದ ತುಂಬಿಸಬಹುದು. ಈ ಹೈಬ್ರಿಡ್‌ಗಳಿಗೆ ಪ್ಲಗ್ಗೇ ಇಲ್ಲ. ಹೀಗಾಗಿ ಬ್ಯಾಟರಿಯಲ್ಲಿರುವ ಪ್ರತಿಯೊಂದು ಕಣ ವಿದ್ಯುತ್ತೂ ಒಂದೋ ಎಂಜಿನ್ ಈಗ ಉರಿಸಿದ ಪೆಟ್ರೋಲಿನಿಂದ ಬಂದಿರುತ್ತದೆ, ಇಲ್ಲವೇ ಹಿಂದೆ ಪೆಟ್ರೋಲ್ ಉರಿಸಿ ಗಳಿಸಿದ ವೇಗವನ್ನು ಬ್ರೇಕ್ ಹಾಕುವಾಗ ಮರಳಿ ಪಡೆದದ್ದಾಗಿರುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ನೀರು ಹುಟ್ಟುವುದಿಲ್ಲ, ಸಂಪಿನಿಂದ ಪಂಪು ಎತ್ತಿ ಹಾಕಿದ್ದಷ್ಟೇ ಇರುತ್ತದೆ. ಹೈಬ್ರಿಡ್ ಬ್ಯಾಟರಿಯೂ ಅಂಥದೇ ಒಂದು ತಂಗುದಾಣ.

ಎಂಜಿನ್ನಿನ ಶಕ್ತಿ ಜನರೇಟರಿಗೆ ಹೋಗಿ ವಿದ್ಯುತ್ತಾಗಿ, ಬ್ಯಾಟರಿಗೆ ಸೇರಿ, ಮತ್ತೆ ಹೊರಬಂದು ಮೋಟಾರಿನ ಮೂಲಕ ಚಕ್ರಕ್ಕೆ ತಲುಪುವಷ್ಟರಲ್ಲಿ ಪ್ರತಿ ಹಂತದಲ್ಲೂ ಒಂದಷ್ಟು ಸೋರಿಹೋಗುತ್ತದೆ. ಅದೇ ಶಕ್ತಿ ಎಂಜಿನ್ನಿನಿಂದ ನೇರವಾಗಿ ಚಕ್ರಕ್ಕೆ ಹೋದರೆ ಸೋರಿಕೆ ಕಡಿಮೆ. ಆದ್ದರಿಂದ ಡ್ಯಾಶ್‌ಬೋರ್ಡಿನಲ್ಲಿ 'ಇವಿ' (ಬರೀ ಮೋಟಾರಿನ ಓಟ) ಎಂಬ ಹಸಿರು ದೀಪ ಸದಾ ಉರಿಯುತ್ತಿರಲೆಂದು ಆಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದ ಹಾಗೆ ಒತ್ತಿಕೊಂಡು, ಹಿಂದಿನವರಿಂದ ಹಾರ್ನ್ ತಿನ್ನುತ್ತ ತೆವಳುವ ಅಭ್ಯಾಸದಿಂದ ಪೆಟ್ರೋಲ್ ಉಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಬ್ಯಾಟರಿ ಇಳಿದು, ಎಂಜಿನ್ ಎದ್ದು, ಕಾರನ್ನೂ ಎಳೆದು ಬ್ಯಾಟರಿಯನ್ನೂ ತುಂಬಿಸುವ ಎರಡು ಕೆಲಸ ಮಾಡಬೇಕಾಗುತ್ತದೆ. ಹೊಸದಾಗಿ ಹೈಬ್ರಿಡ್ ಕೊಂಡವರು ಅತಿ ಹೆಚ್ಚು ತಪ್ಪುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ನಿಜವಾದ ಉಳಿತಾಯ ಇರುವುದು ಒಮ್ಮೆ ಗಳಿಸಿದ ವೇಗವನ್ನು ವ್ಯರ್ಥ ಮಾಡದೆ ಇರುವುದರಲ್ಲಿ, ಮಾಡಲೇಬೇಕಾಗಿ ಬಂದಾಗ ಅದನ್ನು ಬ್ರೇಕ್ ಪ್ಯಾಡಿನ ಬಿಸಿಯಾಗಲು ಬಿಡದೆ ಬ್ಯಾಟರಿಗೆ ಮರಳಿಸುವುದರಲ್ಲಿ.

ಊರೊಳಗೆ ಹೈಬ್ರಿಡ್ ಗೆಲ್ಲುವುದು ಈ ಕಾರಣಕ್ಕೆ. ಅಲ್ಲಿ ಬ್ರೇಕ್ ಹಾಕುವ ಸಂದರ್ಭಗಳು ಹೆಚ್ಚು, ಎಂಜಿನ್ ಸುಮ್ಮನೆ ನಿಂತು ಉರಿಯುವ ಸಂದರ್ಭಗಳು ವಿರಳ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಮರಳಿ ಪಡೆಯುವುದಕ್ಕೆ ಏನೂ ಇರುವುದಿಲ್ಲ. ಗಾಳಿಯನ್ನು ಸೀಳಲು ಹಾಕಿದ ಶಕ್ತಿಯನ್ನು ಯಾವ ಯಂತ್ರವೂ ಹಿಂದಕ್ಕೆ ಕೊಡುವುದಿಲ್ಲ.

ಬೆಳಗಿನ ಮೊದಲ ಎರಡು ಕಿಲೋಮೀಟರ್

ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದಾಗ, ಬ್ಯಾಟರಿ ತುಂಬಿದ್ದರೂ ಎಂಜಿನ್ ತಾನಾಗಿ ಎದ್ದು ಕೆಲ ಕಾಲ ಓಡುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುವುದಕ್ಕೆ ಅದು ಬೇಕು; ಇದು ದೋಷವಲ್ಲ. ಈ ಹೊತ್ತಿನಲ್ಲಿ ಮನೆಯ ಮುಂದೆ ನಿಲ್ಲಿಸಿಕೊಂಡು 'ಎಂಜಿನ್ ಬಿಸಿಯಾಗಲಿ' ಎಂದು ಕಾಯುವ ಹಳೆಯ ಪದ್ಧತಿಯನ್ನು ಬಿಡಬೇಕು. ಸೀಟ್ ಬೆಲ್ಟ್ ಹಾಕಿಕೊಂಡು ಹೊರಡಿ, ಮೊದಲ ಒಂದೆರಡು ಕಿಲೋಮೀಟರ್ ಮೃದುವಾಗಿ ಓಡಿಸಿ, ಅಷ್ಟು ಸಾಕು.

ಇದರಿಂದ ಹೊರಡುವ ಇನ್ನೊಂದು ತೀರ್ಮಾನ ಹೆಚ್ಚು ಮುಖ್ಯ. ಕುವೆಂಪುನಗರದಿಂದ ಮಗುವನ್ನು ಶಾಲೆಗೆ ಬಿಟ್ಟು ಮನೆಗೆ ಬಂದು, ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಬಂದು, ಸಂಜೆ ದೇವರಾಜ ಮಾರುಕಟ್ಟೆಗೆ ಹೊರಟರೆ ಎಂಜಿನ್ ಮೂರು ಬಾರಿ ತಣ್ಣಗಾಗಿ ಮೂರು ಬಾರಿ ಬಿಸಿಯಾಗಬೇಕು. ಎರಡು ಮೂರು ಕಿಲೋಮೀಟರಿನ ಇಂಥ ಓಡಾಟವೇ ಹೆಚ್ಚಾಗಿರುವ ಮನೆಯಲ್ಲಿ ಹೈಬ್ರಿಡ್ ತನ್ನ ಗುಣವನ್ನು ತೋರುವ ಮೊದಲೇ ಪ್ರಯಾಣ ಮುಗಿದಿರುತ್ತದೆ. ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಜೋಡಿಸಿಕೊಳ್ಳುವುದು, ಆ ಸುತ್ತಿನಲ್ಲೂ ದೂರದ ಕೆಲಸವನ್ನು ಮೊದಲು ಮುಗಿಸಿ ಹತ್ತಿರದವುಗಳನ್ನು ಹಿಂದಿರುಗುವಾಗ ಮಾಡುವುದು ಒಳ್ಳೆಯದು, ಏಕೆಂದರೆ ಒಮ್ಮೆ ಚೆನ್ನಾಗಿ ಬಿಸಿಯಾದ ಎಂಜಿನ್ ಅರ್ಧ ಗಂಟೆ ನಿಂತರೂ ಪೂರ್ತಿ ತಣ್ಣಗಾಗುವುದಿಲ್ಲ. ಡಿಸೆಂಬರ್–ಜನವರಿಯ ಚಳಿಯಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ವೇಗ ಹಿಡಿಯುವ ಕ್ರಮ

ಹೆಚ್ಚಿನ ಹೈಬ್ರಿಡ್ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಮೂರು ಭಾಗಗಳ ಒಂದು ಮಾಪಕ ಇರುತ್ತದೆ: ಕೆಳಗೆ 'ಚಾರ್ಜ್', ನಡುವೆ 'ಇಕೋ', ಮೇಲೆ 'ಪವರ್'. ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮಾಪಕಕ್ಕಿಂತ ಇದು ಚಾಲಕರಿಗೆ ಹೆಚ್ಚು ಉಪಯುಕ್ತ. ಸಿಗ್ನಲ್ ಹಸಿರಾದಾಗ ಮೊದಲ ಕೆಲವು ಮೀಟರ್‌ಗಳನ್ನು ಮೋಟಾರ್ ತಾನೇ ಎಳೆಯುತ್ತದೆ. ಬಳಿಕ ಮುಳ್ಳು ಇಕೋ ಭಾಗದ ಮೇಲ್ಗಡೆಗೆ ಬರುವಷ್ಟು ಆಕ್ಸಿಲರೇಟರ್ ಒತ್ತಿ, ಬೇಕಾದ ವೇಗವನ್ನು ಅನಗತ್ಯ ವಿಳಂಬವಿಲ್ಲದೆ ಮುಟ್ಟಿ. ಈ ವಾಹನಗಳಲ್ಲಿರುವ, ಬಲಕ್ಕಿಂತ ಮಿತವ್ಯಯಕ್ಕೆ ಒತ್ತು ಕೊಡುವ ಅಟ್ಕಿನ್‌ಸನ್ ಮಾದರಿಯ ಎಂಜಿನ್ ಹಗುರ ಹೊರೆಯಲ್ಲಿ ತಿಣುಕುವುದಕ್ಕಿಂತ ಮಧ್ಯಮ ಹೊರೆಯಲ್ಲಿ ಹೆಚ್ಚು ಮಿತವ್ಯಯಿ. ಅದನ್ನು ಎಬ್ಬಿಸಿದ ಮೇಲೆ ಸರಿಯಾಗಿ ದುಡಿಸಿಕೊಳ್ಳುವುದೇ ಲೇಸು. ಮುಳ್ಳು ಪವರ್ ಭಾಗಕ್ಕೆ ಹಾರಿದರೆ ಮಾತ್ರ ಕಾಲನ್ನು ಸ್ವಲ್ಪ ಸಡಿಲಿಸಿ.

ಬೇಕಾದ ವೇಗ ಬಂದ ಕೂಡಲೇ, ಐವತ್ತು ಎನ್ನೋಣ, ಕಾಲನ್ನು ಪೂರ್ತಿ ಎತ್ತಿ, ಒಂದು ಕ್ಷಣ ಬಿಟ್ಟು, ಮತ್ತೆ ಬಹಳ ಹಗುರವಾಗಿ ಒತ್ತಿ. ಹೀಗೆ ಎತ್ತಿದಾಗ ಎಂಜಿನ್ ನಿಲ್ಲುತ್ತದೆ, ಹಗುರವಾಗಿ ಒತ್ತಿದಾಗ ಕಾರು ಮೋಟಾರಿನ ಚಿಕ್ಕ ಬೆಂಬಲದಿಂದ ಅದೇ ವೇಗದಲ್ಲಿ ಸಾಗುತ್ತದೆ. ಎಂಜಿನ್ನಿನಿಂದ ವೇಗ ಗಳಿಸಿ, ಮೋಟಾರಿನಿಂದ ಅದನ್ನು ಕಾಯ್ದುಕೊಳ್ಳುವ ಈ ಕ್ರಮ ಒಂದು ವಾರದಲ್ಲಿ ಕಾಲಿಗೆ ರೂಢಿಯಾಗುತ್ತದೆ. ಇದಕ್ಕೆ ಮೈಸೂರಿನ ಹೊರವರ್ತುಲ ರಸ್ತೆ ಹೇಳಿ ಮಾಡಿಸಿದ ಜಾಗ: ಅಗಲವಾಗಿದೆ, ಬಹುಪಾಲು ನೇರವಾಗಿದೆ, ಜಂಕ್ಷನ್‌ಗಳ ನಡುವೆ ಸಾಕಷ್ಟು ಅಂತರವಿದೆ.

ಕಾರಿನಲ್ಲಿ 'ಇವಿ ಮೋಡ್' ಎಂಬ ಗುಂಡಿ ಇದ್ದರೆ ಅದನ್ನು ದಿನನಿತ್ಯದ ಉಳಿತಾಯದ ಸಾಧನವೆಂದು ತಿಳಿಯಬೇಡಿ. ರಾತ್ರಿ ಹೊತ್ತು ಸದ್ದಿಲ್ಲದೆ ಬೀದಿಗೆ ಬರುವುದಕ್ಕೆ, ಶೆಡ್ಡಿನಿಂದ ಹೊರತೆಗೆದು ಮತ್ತೆ ನಿಲ್ಲಿಸುವುದಕ್ಕೆ ಅದು ಅನುಕೂಲ. ಯಾವಾಗ ಎಂಜಿನ್, ಯಾವಾಗ ಮೋಟಾರ್ ಎಂಬ ಲೆಕ್ಕವನ್ನು ಕಾರಿನ ಕಂಪ್ಯೂಟರ್ ನಮಗಿಂತ ಚೆನ್ನಾಗಿ ಮಾಡುತ್ತದೆ. 'ಇಕೋ ಮೋಡ್' ಬೇರೆ ಸಂಗತಿ. ಅದು ಆಕ್ಸಿಲರೇಟರಿನ ಸ್ಪಂದನವನ್ನು ಮೃದುಗೊಳಿಸಿ ಎ.ಸಿ.ಯನ್ನು ಒಂದಿಷ್ಟು ತಗ್ಗಿಸುತ್ತದೆ, ಆದ್ದರಿಂದ ಊರೊಳಗೆ ಸದಾ ಹಾಕಿಟ್ಟರೂ ಅಡ್ಡಿಯಿಲ್ಲ.

ಬ್ರೇಕು: ಬೇಗ, ಹಗುರವಾಗಿ, ದೀರ್ಘವಾಗಿ

ಈ ಲೇಖನದಿಂದ ಒಂದೇ ಅಭ್ಯಾಸವನ್ನು ಆರಿಸಿಕೊಳ್ಳುವವರು ಇದನ್ನು ಆರಿಸಿಕೊಳ್ಳಲಿ. ಹೈಬ್ರಿಡ್‌ನಲ್ಲಿ ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿದಾಗ ಮೊದಲು ಕೆಲಸ ಮಾಡುವುದು ಮೋಟಾರ್. ಅದು ಜನರೇಟರಾಗಿ ತಿರುಗಿ, ಚಕ್ರದ ವೇಗವನ್ನು ಕುಗ್ಗಿಸುತ್ತ, ಆ ಶಕ್ತಿಯನ್ನು ಬ್ಯಾಟರಿಗೆ ಕಳಿಸುತ್ತದೆ. ಆದರೆ ಬ್ಯಾಟರಿ ಒಮ್ಮೆಗೆ ಎಷ್ಟು ವಿದ್ಯುತ್ತನ್ನು ಸ್ವೀಕರಿಸಬಲ್ಲದು ಎಂಬುದಕ್ಕೆ ಮಿತಿಯಿದೆ. ಪೆಡಲನ್ನು ಜೋರಾಗಿ ಒತ್ತಿದರೆ ಆ ಮಿತಿ ದಾಟಿ, ಉಳಿದ ಕೆಲಸ ಮಾಮೂಲಿ ಬ್ರೇಕ್ ಪ್ಯಾಡುಗಳ ಪಾಲಿಗೆ ಹೋಗುತ್ತದೆ. ಅಲ್ಲಿ ಶಕ್ತಿ ಬರೀ ಬಿಸಿಯಾಗಿ ಹೋಗುತ್ತದೆ. ವೇಗ ತೀರ ಕಡಿಮೆಯಾದಾಗ, ಸುಮಾರು ಹತ್ತು ಕಿಲೋಮೀಟರಿಗಿಂತ ಕೆಳಗೆ, ಮೋಟಾರಿನಿಂದ ಸಿಗುವುದು ಅಷ್ಟಕ್ಕಷ್ಟೆ. ಅಂದರೆ ಕೊನೆಯ ಗಳಿಗೆಯ ಗಟ್ಟಿ ಬ್ರೇಕಿಗಿಂತ ದೂರದಿಂದಲೇ ಹಾಕುತ್ತ ಬಂದ ಹಗುರ ಬ್ರೇಕ್ ಬಹಳ ಹೆಚ್ಚು ಶಕ್ತಿಯನ್ನು ಮರಳಿಸುತ್ತದೆ. ಮಾಪಕದ ಮುಳ್ಳು ಚಾರ್ಜ್ ಭಾಗದ ತಳ ಮುಟ್ಟದ ಹಾಗೆ ಬ್ರೇಕ್ ಹಾಕುವುದನ್ನು ಅಭ್ಯಾಸ ಮಾಡಿ.

ಇದರ ಅರ್ಥ ಹೆಚ್ಚು ಹೆಚ್ಚು ಬ್ರೇಕ್ ಹಾಕಿದಷ್ಟೂ ಲಾಭ ಎಂದಲ್ಲ. ಮರಳಿ ಬರುವುದು ಹಾಕಿದ್ದಕ್ಕಿಂತ ಯಾವಾಗಲೂ ಕಡಿಮೆಯೇ. ಬ್ರೇಕೇ ಬೇಡವಾಗುವಂತೆ ಓಡಿಸುವುದು ಮೊದಲ ದರ್ಜೆಯ ಉಳಿತಾಯ, ಹಗುರ ಬ್ರೇಕಿನಿಂದ ಮರಳಿ ಪಡೆಯುವುದು ಎರಡನೆಯದು. ಮೈಸೂರಿನಲ್ಲಿ ಸಿಗ್ನಲ್‌ಗಳಿಗಿಂತ ವೃತ್ತಗಳು ದೊಡ್ಡ ಅನುಕೂಲ. ವೃತ್ತವನ್ನು ಸಮೀಪಿಸುವಾಗ ಒಳಗಿನ ಸಂಚಾರವನ್ನು ದೂರದಿಂದಲೇ ಗಮನಿಸಿ ಕಾಲೆತ್ತಿ, ಇಪ್ಪತ್ತು–ಇಪ್ಪತ್ತೈದರ ವೇಗದಲ್ಲಿ ಸಂದು ನೋಡಿ ಹೊಕ್ಕರೆ ಪೂರ್ತಿ ನಿಂತು ಮತ್ತೆ ಹೊರಡುವ ಖರ್ಚು ತಪ್ಪುತ್ತದೆ. ಸೆಕೆಂಡುಗಳ ಎಣಿಕೆ ತೋರಿಸುವ ಸಿಗ್ನಲ್‌ಗಳಿರುವ ಕಡೆ ಕೆಂಪು ಇನ್ನೂ ಇಪ್ಪತ್ತು ಸೆಕೆಂಡು ಇದೆ ಎಂದು ಕಂಡ ಮೇಲೂ ವೇಗವಾಗಿ ಹೋಗಿ ಮುಂದಿನ ಬಸ್ಸಿನ ಬೆನ್ನಿಗೆ ನಿಲ್ಲುವುದರಲ್ಲಿ ಯಾವ ಗೆಲುವೂ ಇಲ್ಲ.

ಮಂಡ್ಯ ಜಿಲ್ಲೆಯ ಒಳರಸ್ತೆಗಳಲ್ಲಿ, ಪಾಂಡವಪುರ, ನಾಗಮಂಗಲ, ಮಳವಳ್ಳಿಯ ಕಡೆಗಳಲ್ಲಿ, ಪ್ರಶ್ನೆ ಹಂಪ್ಸ್‌ಗಳದು. ಊರು ಬಂತೆಂದರೆ ಬಣ್ಣವಿಲ್ಲದ, ಫಲಕವಿಲ್ಲದ ಎರಡು ಮೂರು ಹಂಪ್ಸ್ ಇವೆ ಎಂದೇ ತಿಳಿದು ಓಡಿಸಬೇಕು. ಕಬ್ಬು ಕಟಾವಿನ ದಿನಗಳಲ್ಲಿ ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ ಸಿಕ್ಕರೆ ಅದರ ಬಾಲ ಹಿಡಿದು ಪದೇ ಪದೇ ವೇಗ ಏರಿಸಿ ಇಳಿಸುವ ಬದಲು ಸಾಕಷ್ಟು ಅಂತರ ಬಿಟ್ಟು ಅದರ ವೇಗದಲ್ಲೇ ಸಾಗಿ, ನೇರ ರಸ್ತೆ ಬಂದಾಗ ಒಮ್ಮೆಗೆ ದಾಟಿ. ಇಪ್ಪತ್ತರ ವೇಗದಲ್ಲಿ ಟ್ರ್ಯಾಕ್ಟರಿನ ಹಿಂದೆ ಹೋಗುವ ಸಾಮಾನ್ಯ ಕಾರಿಗೆ ಅದು ದಂಡ. ಹೈಬ್ರಿಡ್ ಅಷ್ಟು ಹೊತ್ತೂ ಬಹುಪಾಲು ಎಂಜಿನ್ ನಿಲ್ಲಿಸಿಕೊಂಡೇ ಸಾಗುತ್ತದೆ. ತಾಳ್ಮೆಗೆ ಸಂಬಳ ಸಿಗುವ ಅಪರೂಪದ ಸಂದರ್ಭ ಇದು.

ಇನ್ನೊಂದು ಎಚ್ಚರಿಕೆ. ಸಿಗ್ನಲ್‌ನಲ್ಲಿ ನಿಂತಾಗ, ಇಳಿಜಾರಿನಲ್ಲಿ ಉರುಳುವಾಗ ಗೇರನ್ನು ನ್ಯೂಟ್ರಲ್‌ಗೆ ಹಾಕುವ ಹಳೆಯ ಚಾಲಕರ ಅಭ್ಯಾಸ ಹೈಬ್ರಿಡ್‌ಗೆ ಹೊಂದುವುದಿಲ್ಲ. ನ್ಯೂಟ್ರಲ್‌ನಲ್ಲಿ ಬ್ಯಾಟರಿ ತುಂಬುವುದಿಲ್ಲ, ಬ್ರೇಕಿನ ಶಕ್ತಿ ಮರಳುವುದಿಲ್ಲ, ಇಳಿಜಾರಿನಲ್ಲಂತೂ ಅದು ಅಪಾಯಕರ. ಡಿ ಸ್ಥಾನದಲ್ಲೇ ಬಿಟ್ಟು ಬ್ರೇಕ್ ಹಿಡಿದುಕೊಳ್ಳಿ. ರೈಲ್ವೆ ಗೇಟಿನಂಥ ಕಡೆ ದೀರ್ಘವಾಗಿ ನಿಲ್ಲಬೇಕಾದರೆ ಪಿ ಸ್ಥಾನಕ್ಕೆ ಹಾಕಿ.

ಏರು ಮತ್ತು ಇಳಿಜಾರು: ಚಾಮುಂಡಿ ಬೆಟ್ಟದ ಲೆಕ್ಕ

ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಚಾಮುಂಡಿ ಬೆಟ್ಟದ ತುದಿ ಸುಮಾರು 1,060 ಮೀಟರ್. ಜನರನ್ನು ತುಂಬಿಕೊಂಡ ಒಂದೂವರೆ ಟನ್ ತೂಕದ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಿದಾಗ ಅದರಲ್ಲಿ ಸಂಚಯವಾಗುವ ಶಕ್ತಿ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು. ಇಳಿಯುವಾಗ ಟೈರಿನ ಘರ್ಷಣೆ, ಗಾಳಿ, ಪರಿವರ್ತನೆಯ ಸೋರಿಕೆಗಳೆಲ್ಲ ಕಳೆದರೂ ಬ್ಯಾಟರಿಯಲ್ಲಿ ಜಾಗ ಇರುವಷ್ಟನ್ನು ತುಂಬಿಸಲು ಇದು ಸಾಕಾಗಬಹುದು. ಆದ್ದರಿಂದ ಬೆಟ್ಟದ ಮೇಲೆ ತಲುಪುವಾಗ ಬ್ಯಾಟರಿ ತಗ್ಗಿದ್ದರೆ ಅದು ಚಿಂತೆಯ ವಿಷಯವಲ್ಲ, ಲಾಭದ ವಿಷಯ. ಹತ್ತುವಾಗ ಇಪ್ಪತ್ತೈದು–ಮೂವತ್ತರ ವೇಗದಲ್ಲಿ ಎಂಜಿನ್ ಮತ್ತು ಮೋಟಾರ್ ಎರಡೂ ದುಡಿಯಲಿ. ತಿರುವಿಗೆ ಮುನ್ನ ಜೋರು, ತಿರುವಿನಲ್ಲಿ ಬ್ರೇಕ್, ಮತ್ತೆ ಜೋರು ಎಂಬ ಕುಣಿತ ಬೇಡ.

ಇಳಿಯುವಾಗ ಮೊದಲು ಡಿ ಸ್ಥಾನದಲ್ಲೇ ಹಗುರ ಬ್ರೇಕಿನಿಂದ ವೇಗ ಕಾಯ್ದುಕೊಳ್ಳಿ. ಬ್ಯಾಟರಿ ತುಂಬಿದ ಗುರುತು ಕಂಡಾಗ, ಅಥವಾ ಇಳಿಜಾರು ಕಡಿದಾಗಿ ದೀರ್ಘವಾಗಿದ್ದಾಗ, ಗೇರನ್ನು ಬಿ (ಎಂಜಿನ್ನಿನಿಂದಲೇ ವೇಗ ತಡೆಯುವ) ಸ್ಥಾನಕ್ಕೆ ಹಾಕಿ. ಆಗ ಎಂಜಿನ್ ಜೋರಾಗಿ ಸದ್ದು ಮಾಡುತ್ತದೆ. ಪೆಟ್ರೋಲ್ ಸುಡುತ್ತಿದೆ ಎಂದು ಗಾಬರಿಯಾಗುವವರಿದ್ದಾರೆ. ವಾಸ್ತವದಲ್ಲಿ ಇಂಧನ ಉರಿಯದೆ, ಎಂಜಿನ್ ಬರಿದೇ ತಿರುಗಿ ಹೆಚ್ಚುವರಿ ವೇಗವನ್ನು ಹೀರಿಕೊಳ್ಳುತ್ತಿರುತ್ತದೆ, ಬ್ರೇಕ್ ಪ್ಯಾಡುಗಳು ಕಾಯುವುದನ್ನು ತಪ್ಪಿಸುತ್ತಿರುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಂಥ ಘಾಟಿಯಲ್ಲಿ ಇದು ಉಳಿತಾಯಕ್ಕಿಂತ ಸುರಕ್ಷತೆಯ ಪ್ರಶ್ನೆ, ಅಲ್ಲಿ ಮೈಲೇಜಿನ ಲೆಕ್ಕ ಹಾಕಬಾರದು. ಸಮತಟ್ಟಾದ ಊರ ರಸ್ತೆಯಲ್ಲಿ ಬಿ ಸ್ಥಾನವನ್ನು ಬಳಸುವುದರಿಂದ ಮಾತ್ರ ನಷ್ಟವೇ, ಏಕೆಂದರೆ ಕಾಲೆತ್ತಿದಾಗೆಲ್ಲ ಕಾರು ಬೇಡದಿದ್ದರೂ ವೇಗ ಕಳೆದುಕೊಳ್ಳುತ್ತದೆ.

ದಶಪಥ ಹೆದ್ದಾರಿಯಲ್ಲಿ

ಮೈಸೂರು–ಬೆಂಗಳೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧ ಬಂತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳೆಲ್ಲ ಬೈಪಾಸ್ ಆದ ಮೇಲೆ ಸುಮಾರು 118 ಕಿಲೋಮೀಟರ್ ಉದ್ದಕ್ಕೂ ಬ್ರೇಕ್ ಹಾಕುವ ಪ್ರಸಂಗವೇ ವಿರಳ. ಚಾಲಕರಿಗೆ ಇದು ಸುಖ, ಹೈಬ್ರಿಡ್‌ಗೆ ಅಷ್ಟೇನೂ ಅಲ್ಲ. ಹಳೆಯ ರಸ್ತೆಯಲ್ಲಿ ಮಂಡ್ಯ ಪೇಟೆಯೊಳಗೆ ನುಗ್ಗಿ ಹೋಗುವಾಗ ಬಂದಿರಬಹುದಾದ ಮೈಲೇಜ್ ಈ ರಸ್ತೆಯಲ್ಲಿ ನೂರರ ವೇಗಕ್ಕೆ ಬರುವುದಿಲ್ಲ.

ಇಲ್ಲಿ ಕೈಗೆ ಸಿಗುವ ಸಾಧನ ಒಂದೇ, ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 100ರಿಂದ 80ಕ್ಕೆ ಇಳಿದರೆ ಗಾಳಿಯ ತಡೆ ಶೇಕಡ 36ರಷ್ಟು ಕಡಿಮೆ. ಟೈರಿನ ಘರ್ಷಣೆ ಹಾಗೆ ಇಳಿಯದಿರುವುದರಿಂದ ಪೆಟ್ರೋಲ್ ಅಷ್ಟೇ ಪ್ರಮಾಣದಲ್ಲಿ ಉಳಿಯದು, ಆದರೂ ಉಳಿತಾಯ ಗಣನೀಯ. ಇಡೀ 118 ಕಿಲೋಮೀಟರನ್ನು ಒಂದೇ ವೇಗದಲ್ಲಿ ಕ್ರಮಿಸಿದರೆ ನೂರರಲ್ಲಿ ಸುಮಾರು 71 ನಿಮಿಷ, ಎಂಬತ್ತರಲ್ಲಿ ಸುಮಾರು 88. ಹದಿನೇಳು–ಹದಿನೆಂಟು ನಿಮಿಷದ ಅಂತರ. ಕೆಂಗೇರಿ ದಾಟಿದ ಮೇಲೆ ಬೆಂಗಳೂರು ಅಷ್ಟನ್ನು ಒಂದೇ ಸಿಗ್ನಲ್‌ನಲ್ಲಿ ನುಂಗಿಬಿಡುವುದೂ ಉಂಟು. ಎಂಬತ್ತೈದರ ಆಸುಪಾಸಿನಲ್ಲಿ ಎಡ ಪಥದಲ್ಲಿ ಸಾಗುವುದು ನನಗೆ ಸರಿಯೆನಿಸುವ ರಾಜಿ. ಉಳಿತಾಯದ ಹೆಸರಿನಲ್ಲಿ ಬಲ ಪಥದಲ್ಲಿ ನಿಧಾನವಾಗಿ ಹೋಗುವುದಾಗಲಿ, ಗಾಳಿ ತಪ್ಪುತ್ತದೆಂದು ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗುವುದಾಗಲಿ ಸಲ್ಲದು. ಕ್ರೂಸ್ ಕಂಟ್ರೋಲ್ ಸಮತಟ್ಟಿನಲ್ಲಿ ಒಳ್ಳೆಯದು. ಮೇಲ್ಸೇತುವೆಗಳ ಏರಿಳಿತದಲ್ಲಿ ಮಾತ್ರ ಅದು ವೇಗ ಬೀಳದಂತೆ ಎಂಜಿನ್ನನ್ನು ದುಡಿಸುತ್ತದೆ; ಅಲ್ಲಿ ಕಾಲಿನಿಂದ ಓಡಿಸಿ, ಏರಿನಲ್ಲಿ ವೇಗ ನಾಲ್ಕೈದು ಕಿಲೋಮೀಟರ್ ಇಳಿಯಲು ಬಿಟ್ಟು ಇಳಿಜಾರಿನಲ್ಲಿ ಅದನ್ನು ಪುಕ್ಕಟೆಯಾಗಿ ಮರಳಿ ಪಡೆಯಬಹುದು.

ಒಂದು ದಿಕ್ಕಿನ ಪ್ರಯಾಣದ ಅಂಕಿಯನ್ನು ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಮಂಡ್ಯ ಸುಮಾರು 680 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920. ಮಂಡ್ಯದವರು ಬೆಂಗಳೂರಿಗೆ ಹೋಗುವಾಗ ಹತ್ತುತ್ತಿರುತ್ತಾರೆ, ಬರುವಾಗ ಇಳಿಯುತ್ತಿರುತ್ತಾರೆ. ಮುಂಗಾರಿನಲ್ಲಿ ನೈರುತ್ಯದ ಗಾಳಿ ಮೈಸೂರಿನ ಕಡೆಗೆ ಬರುವವರಿಗೆ ಎದುರಾಗಿ ಆ ಇಳಿಜಾರಿನ ಲಾಭವನ್ನು ಒಂದಿಷ್ಟು ಕಸಿಯುತ್ತದೆ. ಹೋಗಿಬರುವ ಎರಡನ್ನೂ ಸೇರಿಸಿದ ಅಂಕಿಯಷ್ಟೇ ನಂಬಲರ್ಹ.

ಎ.ಸಿ., ಹೊರೆ, ಗಾಳಿ ಒತ್ತಡ

ಪೂರ್ಣ ಹೈಬ್ರಿಡ್‌ನಲ್ಲಿ ಎ.ಸಿ.ಯ ಕಂಪ್ರೆಸರ್ ಓಡುವುದು ವಿದ್ಯುತ್ತಿನಿಂದ, ಹೀಗಾಗಿ ಎಂಜಿನ್ ನಿಂತಿದ್ದರೂ ತಂಪು ನಿಲ್ಲುವುದಿಲ್ಲ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಕಾರು ನಿಲ್ಲಿಸಿ ಒಳಗೆ ಕುಳಿತು ಯಾರಿಗಾದರೂ ಕಾಯುತ್ತಿದ್ದರೆ ಬ್ಯಾಟರಿ ಕರಗಿ, ಎಂಜಿನ್ ಆಗಾಗ ಎದ್ದು ಅದನ್ನು ತುಂಬಿಸುತ್ತಿರುತ್ತದೆ. ಆ ಪೆಟ್ರೋಲಿನಿಂದ ಒಂದು ಮೀಟರೂ ಮುಂದೆ ಹೋದಂತಾಗುವುದಿಲ್ಲ. ಮರದ ನೆರಳಿನಲ್ಲಿ ನಿಲ್ಲಿಸಿ, ಹೊರಡುವಾಗ ಅರ್ಧ ನಿಮಿಷ ಕಿಟಕಿ ತೆರೆದು ಕಾದ ಗಾಳಿಯನ್ನು ಹೊರದೂಡಿ, ಬಳಿಕ 25 ಡಿಗ್ರಿಗೆ ಇಟ್ಟು ಒಳಗಿನ ಗಾಳಿಯೇ ಸುತ್ತುವಂತೆ ಮಾಡಿ. ಹೆದ್ದಾರಿಯಲ್ಲಿ ಕಿಟಕಿ ತೆರೆದು ಓಡಿಸುವುದಕ್ಕಿಂತ ಎ.ಸಿ.ಯೇ ಮೇಲು.

ಹಲವು ಮಾದರಿಗಳಲ್ಲಿ ಹೈಬ್ರಿಡ್ ಬ್ಯಾಟರಿಯನ್ನು ತಂಪಾಗಿಡುವ ಗಾಳಿ ಕಾರಿನ ಒಳಗಿನಿಂದ, ಹಿಂಬದಿ ಸೀಟಿನ ಬಳಿಯ ಒಂದು ಜಾಲರಿಯ ಮೂಲಕ ಹೋಗುತ್ತದೆ. ಆ ಜಾಲರಿಗೆ ಅಡ್ಡಲಾಗಿ ಬ್ಯಾಗು, ಹೊದಿಕೆ, ಅಕ್ಕಿ ಚೀಲ ಇಡಬಾರದು. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ, ಸರ್ವಿಸ್‌ಗೆ ಬಿಟ್ಟಾಗ ಅದರ ಫಿಲ್ಟರನ್ನು ಶುಚಿಗೊಳಿಸುವಂತೆ ಹೇಳಿ. ನಮ್ಮ ಮಣ್ಣಿನ ರಸ್ತೆಗಳ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಬಿಸಿಯೇರಿದ ಬ್ಯಾಟರಿ ಬ್ರೇಕಿನ ಶಕ್ತಿಯನ್ನು ಮೊದಲಿನಷ್ಟು ಸ್ವೀಕರಿಸುವುದಿಲ್ಲ.

ಟೈರುಗಳ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಚಾಲಕರ ಬಾಗಿಲಿನ ಬಳಿ ಅಂಟಿಸಿರುವ ಪಟ್ಟಿಯಲ್ಲಿನ ಅಂಕಿಗೆ ಸರಿಯಾಗಿ ತುಂಬಿಸಬೇಕು. ಊರಿನಿಂದ ರಾಗಿ, ಅಕ್ಕಿ, ತೆಂಗಿನಕಾಯಿ ತುಂಬಿಕೊಂಡು ಬರುವವರು ಅದೇ ಪಟ್ಟಿಯಲ್ಲಿ ಪೂರ್ಣ ಹೊರೆಗೆ ಕೊಟ್ಟಿರುವ ಅಂಕಿಯನ್ನು ಅನುಸರಿಸಲಿ. ನೈಟ್ರೋಜನ್ ತುಂಬಿಸಿದರೆ ಮೈಲೇಜ್ ಹೆಚ್ಚುತ್ತದೆಂಬ ಮಾತಿಗೆ ಹಣ ಕೊಡಬೇಕಾಗಿಲ್ಲ. ಒತ್ತಡ ಸರಿಯಿದ್ದರೆ ಮಾಮೂಲಿ ಗಾಳಿಯೇ ಸಾಕು. ಛಾವಣಿಯ ಕ್ಯಾರಿಯರ್ ಧರ್ಮಸ್ಥಳ ಯಾತ್ರೆ ಮುಗಿದ ಮೇಲೂ ತಲೆಯ ಮೇಲೇ ಇದ್ದರೆ ಹೆದ್ದಾರಿಯಲ್ಲಿ ಅದು ದಿನವೂ ಪೆಟ್ರೋಲ್ ಕುಡಿಯುತ್ತದೆ. ಎಂಜಿನ್ ಆಯಿಲ್ ಬದಲಿಸುವಾಗ ಕೈಪಿಡಿಯಲ್ಲಿ ಹೇಳಿದ ತೆಳು ದರ್ಜೆಯದನ್ನೇ ಹಾಕಿಸಿ. 'ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಒಳ್ಳೆಯದು ಸಾರ್' ಎನ್ನುವ ಮೆಕ್ಯಾನಿಕ್‌ಗಳ ಸಲಹೆ ಹಳೆಯ ಎಂಜಿನ್‌ಗಳ ಕಾಲದ್ದು.

ಅಳೆಯುವ ವಿಧಾನ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಅಂದಾಜಿನದು, ಸಾಮಾನ್ಯವಾಗಿ ತುಸು ಉದಾರವಾಗಿರುತ್ತದೆ. ಸರಿಯಾದ ಅಳತೆಗೆ ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ, ನಾಜಲ್ ತಾನಾಗಿ ನಿಲ್ಲುವವರೆಗೆ ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಮುಂದಿನ ಸಲ ಮತ್ತೆ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ಒಂದು ಟ್ಯಾಂಕಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಇರುತ್ತದೆ, ನಾಲ್ಕೈದು ಟ್ಯಾಂಕುಗಳ ಸರಾಸರಿ ತೆಗೆದ ಮೇಲೆ ಮಾತಾಡಬೇಕು. ನಾಜಲ್ ನಿಂತ ಮೇಲೂ ದುಂಡಗಿನ ಮೊತ್ತಕ್ಕಾಗಿ ಇನ್ನಷ್ಟು ಹಿಂಡಿಸುವುದರಿಂದ ಲೆಕ್ಕವೂ ಕೆಡುತ್ತದೆ, ಟ್ಯಾಂಕಿನ ಆವಿ ವ್ಯವಸ್ಥೆಗೂ ಒಳ್ಳೆಯದಲ್ಲ.

ಹಳೆಯ ದಾಖಲೆಗಳೊಡನೆ ಹೋಲಿಸುವವರು ಇಂಧನವೇ ಬದಲಾಗಿರುವುದನ್ನು ನೆನಪಿಡಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇದೆ, ಮಂಡ್ಯದ ಗದ್ದೆಗಳಲ್ಲಿ ಬೆಳೆಯುವ ಕಬ್ಬು ಅದರ ಮೂಲಗಳಲ್ಲೊಂದು. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಶೇಕಡ 20 ಮಿಶ್ರಣದ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇಕಡ ಆರೇಳರಷ್ಟು, ಹಿಂದಿನ ಶೇಕಡ 10ರ ಮಿಶ್ರಣಕ್ಕಿಂತ ಶೇಕಡ ಮೂರು–ಮೂರೂವರೆಯಷ್ಟು ಶಕ್ತಿ ಕಡಿಮೆ ಇರುತ್ತದೆ. ಇಷ್ಟು ಇಳಿಕೆ ಕಂಡರೆ ಅದಕ್ಕೆ ನಿಮ್ಮ ಚಾಲನೆಯಾಗಲಿ ಕಾರಾಗಲಿ ಕಾರಣವಲ್ಲ.

ಇಳಿಕೆ ಅದಕ್ಕಿಂತ ಹೆಚ್ಚಾಗಿದ್ದು ಎರಡು ಮೂರು ಟ್ಯಾಂಕುಗಳ ಉದ್ದಕ್ಕೂ ಮುಂದುವರಿದರೆ ಮೊದಲು ಟೈರಿನ ಗಾಳಿ ನೋಡಿ, ಬಳಿಕ ಚಕ್ರಗಳ ಅಲೈನ್‌ಮೆಂಟ್, ನಂತರ ಬ್ಯಾಟರಿ ಜಾಲರಿಯ ಫಿಲ್ಟರ್. ಹೈಬ್ರಿಡ್‌ನಲ್ಲಿ ಬ್ರೇಕ್ ಪ್ಯಾಡುಗಳಿಗೆ ಕೆಲಸ ಕಡಿಮೆಯಾದ್ದರಿಂದ ಮಳೆಗಾಲದಲ್ಲಿ ಕ್ಯಾಲಿಪರ್ ಪಿನ್‌ಗಳು ತುಕ್ಕು ಹಿಡಿದು, ಪ್ಯಾಡು ಡಿಸ್ಕಿಗೆ ಒರಸಿಕೊಂಡೇ ಇರುವ ಸಾಧ್ಯತೆಯಿದೆ. ಹತ್ತಿಪ್ಪತ್ತು ಕಿಲೋಮೀಟರ್ ಹಗುರ ಬ್ರೇಕಿನಲ್ಲೇ ಓಡಿಸಿ ನಿಲ್ಲಿಸಿದ ಕೂಡಲೇ ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದು ನೋಡಿ, ಡಿಸ್ಕನ್ನು ಮುಟ್ಟಬೇಡಿ. ಒಂದು ಚಕ್ರದ ಕಡೆಯಿಂದ ಉಳಿದವಕ್ಕಿಂತ ಹೆಚ್ಚು ಕಾವು ಬರುತ್ತಿದ್ದರೆ ಕಾರನ್ನು ಸರ್ವಿಸ್ ಕೇಂದ್ರಕ್ಕೆ ಒಯ್ದು ಆ ಚಕ್ರದ ಬ್ರೇಕನ್ನು ಬಿಚ್ಚಿಸಿ ಶುಚಿಗೊಳಿಸಿ ಗ್ರೀಸ್ ಹಾಕಿಸಿ.